ವರ್ಲನ್ ಸೋಸಿ ತಂದ ಕಷಾಯ

ಡೋವಿ: ಕೇಳೋ ಅವಳನ್ನ. ಅಂಚೆ ಕಚೇರೀಲಿ ನಾಲ್ಕು ಜನರ ಎದುರಿಗೆ ಹಾಗಂದಳೋ ಇಲ್ವೋ, ಅಷ್ಟು ಮಾತ್ರ ಕೇಳು.

ವರ್ಲನ್: ಓರ್ಲೀನಾ, ಅತ್ತೆ ನಿನ್ನ ಆರೋಗ್ಯ ವಿಚಾರಿಸ್ತಿದಾರೆ.

ಓರ್ಲೀನಾ: ನನಗೂ ಕಿವಿ ಇದೆ ವರ್ಲನ್. ನಿಮ್ಮತ್ತೆ ಕೂತಿರೋದು ನನ್ನ ಒಲೆಯಿಂದ ಐದು ಹೆಜ್ಜೆ ದೂರದಲ್ಲಿ. ಅಂದೆ ಅಂತ ಹೇಳು. ಬೇಕಾದ್ರೆ ಇನ್ನೊಂದ್ಸಲ ಅಂತೀನಿ. ಅವರ ಸೇಜ್ ಸೊಪ್ಪಿನ ಕಷಾಯ ಹತ್ತೊಂಬತ್ತು ರಾತ್ರಿ ಕುಡಿದೆ. ಮೊದಲು ಬೆವರ್ತಿದ್ದೆ. ಈಗ ಈಜ್ತಿದೀನಿ.

ವರ್ಲನ್: ಅತ್ತೆ, ಒಂದು ದಿನವೂ ತಪ್ಪಿಸದೆ ಕುಡಿದಳಂತೆ. ತುಂಬಾ ಉಪಕಾರ ಆಯ್ತು ಅಂತಾಳೆ.

ಮೂವರೂ ಒಂದೇ ಅಡುಗೆಮನೆಯಲ್ಲಿದ್ದರು. ಸರಿಯಾಗಿ ಹೇಳಬೇಕೆಂದರೆ ಎರಡೂವರೆ ಮಂದಿ, ಏಕೆಂದರೆ ಡೋವಿ ಅತ್ತೆಯ ಅರ್ಧ ಮಾತ್ರ ಒಳಗಿತ್ತು. ವರ್ಲನ್‌ನ ಅಪ್ಪನ ಅಕ್ಕ ಆಕೆ, ವಯಸ್ಸು ಎಂಬತ್ತಮೂರು. ಕೆಂಟಕಿಯ ಆ ಬೆಟ್ಟದ ಕಣಿವೆಯಲ್ಲಿ ಯಾವ ಮಗುವಿಗೆ ಕೆಮ್ಮು ಬಂದರೂ, ಯಾರ ಹಸು ಮೇವು ಬಿಟ್ಟರೂ, ಆಕೆಯ ಅಟ್ಟದಿಂದಲೇ ಎಲೆಯೋ ತೊಗಟೆಯೋ ಬೇರೋ ಇಳಿದು ಬರಬೇಕು. ವರ್ಲನ್‌ನ ಹೆಂಡತಿ ಓರ್ಲೀನಾಳ ನೆಲಕ್ಕೆ ಕಾಲಿಡುವುದಿಲ್ಲ ಎಂದು ಹನ್ನೊಂದು ವರ್ಷದ ಹಿಂದೆ ಶಪಥ ಮಾಡಿದ್ದಳು. ಇವತ್ತು ಶಪಥ ಮುರಿಯದೆ ಜಗಳವನ್ನೂ ಆಡಬೇಕಿತ್ತು. ಹಾಗಾಗಿ ಜಗಲಿಯ ಕುರ್ಚಿಯನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು, ಪಾದಗಳೆರಡನ್ನೂ ಹೊಸ್ತಿಲಿನ ಆಚೆಗೇ ಊರಿ, ಮೂಗನ್ನೂ ಊರುಗೋಲನ್ನೂ ಮಾತ್ರ ಒಳಗೆ ಚಾಚಿ ಕೂತಿದ್ದಳು.

ಓರ್ಲೀನಾಳದು ಇನ್ನೊಂದು ಶಪಥ: ಆ ಮುದುಕಿಯ ಜೊತೆ ನೇರ ಮಾತಿಲ್ಲ. ಎರಡು ಶಪಥಗಳ ನಡುವೆ ಹನ್ನೊಂದು ವರ್ಷದಿಂದ ಓಡಾಡುತ್ತಿದ್ದವನು ವರ್ಲನ್. ಇಪ್ಪತ್ತಾರು ವರ್ಷ ಕಲ್ಲಿದ್ದಲ ಗಣಿಯಲ್ಲಿ ದುಡಿದು, ಎದೆಯಲ್ಲಿ ಅರ್ಧ ಉಸಿರು ಉಳಿಸಿಕೊಂಡು ಮನೆಗೆ ಬಂದವನು. ಎರಡು ಕೋಳಿ ಕಾದಾಡಿದರೂ ನಡುವೆ ಹೋಗಿ ಕುಳಿತು ಸಮಾಧಾನ ಹೇಳುವ ಮನುಷ್ಯ.

ಈ ಗಳಿಗೆಯಲ್ಲಿ ಅವನು ಅಡುಗೆಮನೆಯ ನಡುಮಧ್ಯೆ ಒಂದು ಮಂಚ ಮಾಡುತ್ತಿದ್ದ. ಒಬ್ಬರು ಮಲಗುವಷ್ಟು ಅಗಲದ್ದು. ಸೋಮವಾರ ಹಲಗೆ ತಂದಿದ್ದ, ಇವತ್ತು ಗುರುವಾರ, ಕಾಲು ಕೂರಿಸುವುದೊಂದೇ ಬಾಕಿ.

ಓರ್ಲೀನಾಳ ಕಣ್ಣು ಜಗಳದ ನಡುವೆಯೂ ಆ ಮಂಚದ ಮೇಲೆಯೇ ಇತ್ತು. ಅವಳ ಅಪ್ಪನೂ ಒಂದು ಚಳಿಗಾಲದಲ್ಲಿ ಗೊರಕೆಯ ನೆಪ ಹೇಳಿ ಹಿಂದಿನ ಕೋಣೆಗೆ ಹೋಗಿ ಮಲಗಿದ್ದ. ಚಳಿಗಾಲ ಹೋಯಿತು, ಅಪ್ಪ ಮಾತ್ರ ವಾಪಸು ಬರಲಿಲ್ಲ. ಅಮ್ಮ ಇಪ್ಪತ್ತು ವರ್ಷ, ಸಾಯುವವರೆಗೂ, ಹಾಸಿಗೆಯ ಮೇಲೆ ಎರಡು ದಿಂಬು ಇಡುತ್ತಲೇ ಇದ್ದಳು. ಓರ್ಲೀನಾಗೆ ಈಗ ಐವತ್ತೊಂದು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ ಒಂದೇ ಕೌದಿಯ ಕೆಳಗೆ ಮಲಗಿದವಳು. ಈ ಮಂಚಕ್ಕೆ ನಾಲ್ಕನೆಯ ಕಾಲು ಬೀಳುವ ಮೊದಲು ಬೆವರು ನಿಲ್ಲಬೇಕು. ಅವಳಿಗಿದ್ದ ಲೆಕ್ಕ ಅಷ್ಟೇ.

ಡೋವಿ: ನಾನು ಅರವತ್ತು ವರ್ಷದಿಂದ ಸೊಪ್ಪು ಕೊಡ್ತಿದೀನಿ. ನನ್ನ ಸೇಜ್ ಕೆಲಸ ಮಾಡ್ಲಿಲ್ಲ ಅಂತ ಇವತ್ತಿನವರೆಗೆ ಒಬ್ಬರೂ ಅಂದಿಲ್ಲ. ಈ ಮಹಾತಾಯಿ ಅಂಚೆಚೀಟಿ ಕೊಳ್ಳೋಕೆ ಹೋಗಿ ನನ್ನ ಹೆಸರನ್ನ ಕೆಸರಿಗೆ ಎಳೆದು ಬಂದಳು. ನನಗೆ ವಿಷಯ ತಿಳಿಸೋಕೆ ಮೂರು ಜನ ಬಂದಿದ್ರು, ಮಧ್ಯಾಹ್ನದೊಳಗೆ.

ವರ್ಲನ್: ಅತ್ತೆಗೆ ಸ್ವಲ್ಪ ಬೇಜಾರಾಗಿದೆಯಂತೆ.

ಓರ್ಲೀನಾ: ಸ್ವಲ್ಪಾನಾ? ಊರುಗೋಲಿಂದ ನನ್ನ ಬಾಗಿಲು ಕುಟ್ಟಿದ ರೀತಿಗೆ ತಿರುಗಣೆ ಸಡಿಲ ಆಗಿದೆ. ಅವರನ್ನ ಕೇಳು, ನಾನು ಇನ್ನೆಲ್ಲಿಗೆ ಹೋಗಬೇಕಿತ್ತು? ಆಸ್ಪತ್ರೆಗೂ ಹೋಗಿ ಬಂದೆ.

ಹೋಗಿದ್ದಳು. ತಾಲ್ಲೂಕಿಗೆಲ್ಲ ಒಂದು ಆಸ್ಪತ್ರೆ, ಅದಕ್ಕೆ ವಾರಕ್ಕೆರಡು ದಿನ ಬಂದು ಹೋಗುವ ಒಬ್ಬ ಡಾಕ್ಟರು. ಇಪ್ಪತ್ತೆರಡು ಮೈಲಿ ದಾಟಿ, ಎರಡು ಗಂಟೆ ಕಾದು ಒಳಗೆ ಹೋದರೆ ನಾಲ್ಕು ನಿಮಿಷ ಸಿಕ್ಕಿತು. ಕೆಮ್ಮಿದೆಯೆ, ತೂಕ ಇಳಿದಿದೆಯೆ ಎಂದ. ಇಲ್ಲ ಎಂದಳು. "ವಯಸ್ಸು ಕಣಮ್ಮ, ಎಲ್ಲಾ ಹೆಂಗಸರಿಗೂ ಆಗುತ್ತೆ" ಎಂದು ಪೆನ್ನಿನ ಮುಚ್ಚಳ ಹಾಕಿದ. ಎಲ್ಲ ಹೆಂಗಸರಿಗೂ ಆಗುವಂಥದ್ದಕ್ಕೆ ಎಲ್ಲ ಕಡೆಯೂ ಔಷಧಿ ಇರಬೇಕಿತ್ತು. ಎಲ್ಲರಿಗೂ ಆಗುತ್ತದೆ ಎನ್ನುವುದನ್ನೇ ಔಷಧಿಯೆಂದು ಕೊಟ್ಟು ಕಳಿಸುವ ಕಲೆಯನ್ನು ಇವರಿಗೆ ಯಾವ ಕಾಲೇಜು ಕಲಿಸುತ್ತದೋ. ಅದೇ ಬೆವರು ಎಲ್ಲ ಗಂಡಸರಿಗೂ ಬರುವಂತಿದ್ದರೆ ಹಳ್ಳಕ್ಕೊಂದು ಆಸ್ಪತ್ರೆ ಎದ್ದಿರುತ್ತಿತ್ತು, ಸಂಸತ್ತಿನಲ್ಲಿ ಫ್ಯಾನಿನ ಕೆಳಗೆ ಚರ್ಚೆಯೂ ನಡೆದಿರುತ್ತಿತ್ತು. ಪಕ್ಕದ ಅಂಗಡಿಯವನು ನಗುವ ಹೆಂಗಸಿನ ಚಿತ್ರವಿದ್ದ ಸೀಸೆಯೊಂದನ್ನು ತೋರಿಸಿದ. ಹಿಂದೆ ತಿರುಗಿಸಿ ಓದಿದರೆ ಒಳಗಿದ್ದುದು ಸೇಜ್. ಹಂದಿ ಕಡಿದ ದಿನ ಮಾಂಸಕ್ಕೆ ಬೆರೆಸುವ, ಅವಳದೇ ಗೋಡೆಯ ಬುಡದಲ್ಲಿ ಬೂದುಬಣ್ಣದ ಎಲೆ ಬಿಟ್ಟುಕೊಂಡು ನಿಂತಿರುವ ಅದೇ ಗಿಡ.

ಸೀಸೆಯನ್ನು ಅಲ್ಲೇ ಇಟ್ಟು ಬಂದಳು. ಆಮೇಲೆ ಶಪಥವನ್ನು ನುಂಗಿಕೊಂಡು ಗಂಡನನ್ನು ಅತ್ತೆಯ ಮನೆಗೆ ಓಡಿಸಿದಳು: ರಾತ್ರಿ ಬೆವರಿಗೆ ಇದನ್ನು ಹೇಗೆ ಕುಡಿಯಬೇಕು, ಕೇಳಿಕೊಂಡು ಬಾ.

ಡೋವಿ: ಕೇಳು, ಎಲೆ ಎಷ್ಟು ಹಾಕಿದಳಂತೆ?

ವರ್ಲನ್: ಎಲೆ ಎಷ್ಟು...

ಓರ್ಲೀನಾ: ಒಂದು ಹಿಡಿ. ಅವರು ಹೇಳಿದಷ್ಟೇ.

ವರ್ಲನ್: ಒಂದು ಹಿಡಿಯಂತೆ. ನೀವು ಎಷ್ಟು ಚೆನ್ನಾಗಿ ಹೇಳಿಕೊಟ್ಟಿರಿ ಅಂತಾಳೆ.

ಡೋವಿ: ಹಾಗಂತ ಅವಳು ಹೇಳ್ಲಿಲ್ಲ. ನಂದು ಕಾಲು ಮಾತ್ರ ಆಚೆಗಿರೋದು. ಕೇಳು, ಮುಚ್ಚಿಟ್ಟು ನೆನೆಸಿದಳಾ, ತೆರೆದಿಟ್ಟಳಾ?

ಓರ್ಲೀನಾ: ಮುಚ್ಚಿಟ್ಟೆ.

ಡೋವಿ: ಬೆವರು ಎಳ್ಕೊಳ್ಳಲಿ ಅಂತ ಮಂಚದ ಕೆಳಗೆ ಬೋಗುಣೀಲಿ ನೀರಿಟ್ಟಳಾ?

ಓರ್ಲೀನಾ: ಇಟ್ಟೆ ಅಂತ ಹೇಳು. ಅವರ ಸೋದರಳಿಯ ಮೂರನೇ ದಿನ ಅದರೊಳಗೇ ಕಾಲಿಟ್ಟು ಜಾರಿದ ಅಂತಲೂ ಹೇಳು. ಹೆಬ್ಬೆರಳು ಇನ್ನೂ ನೀಲಿ ಇದೆ.

ವರ್ಲನ್: ಅತ್ತೆ, ಇಟ್ಟಿದ್ದಳು. ಕಾಲಿಗೂ ತುಂಬಾ ತಂಪಾಯ್ತು.

ಡೋವಿ ಅತ್ತೆ ಊರುಗೋಲನ್ನು ಮಡಿಲಿಗೆ ಎಳೆದುಕೊಂಡು ಯೋಚಿಸಿದಳು. ಔಷಧಿ ಸರಿ, ಅಳತೆ ಸರಿ, ಎಲೆಯೂ ಸರಿ. ಹಾಗಾದರೆ ತಪ್ಪು ಹೆಂಗಸಿನಲ್ಲೇ ಇರಬೇಕು ಎಂಬ ತೀರ್ಮಾನಕ್ಕೆ ಇನ್ನೇನು ಬರಬೇಕು, ಅಷ್ಟರಲ್ಲಿ ಆಕೆಯ ಕಣ್ಣು ಅಂಗಳದ ಬಟ್ಟೆ ತಂತಿಯ ಕಡೆ ಹೋಯಿತು.

ಡೋವಿ: ಲೋ, ಅಲ್ಲಿ ಎರಡು ಕೌದಿ ಯಾಕೋ ಒಣಗ್ತಿವೆ? ಇನ್ನೂ ಅಕ್ಟೋಬರು. ನಾನೇ ಒಂದು ಹೊದೀತಿಲ್ಲ.

ವರ್ಲನ್: ಅವು... ಹಳೇವು ಅತ್ತೆ. ಗಾಳಿಗೆ ಹಾಕಿದೀವಿ.

ಓರ್ಲೀನಾ: ಗಾಳಿಗಲ್ಲ. ದಿನಾ ಬೆಳಗ್ಗೆ ಹಿಂಡಿ ಹಾಕ್ತಿದೀನಿ. ಹೊದೆಸಿದವರೇ ಯಾಕೆ ಅಂತ ಕೇಳ್ತಿದಾರಲ್ಲ, ಕೇಳು ಅವರನ್ನ. ಎರಡು ಕೌದಿ ಹೊದ್ದು, ಜೋಳದ ದಂಟಿನ ಪಾಕ ಒಂದು ಚಮಚ ಹಾಕಿ, ನಾಲಿಗೆ ತಾಳೋವಷ್ಟು ಬಿಸಿಬಿಸಿ ಕುಡಿದು ಮಲಗು ಅಂತ ಹೇಳಿ ಕಳಿಸಿದ್ದು ಯಾರು?

ವರ್ಲನ್ ಎರಡು ಮೊಳೆಯನ್ನು ಬಾಯಲ್ಲಿ ಕಚ್ಚಿಕೊಂಡ. ಬಾಯಲ್ಲಿ ಮೊಳೆಯಿದ್ದರೆ ಯಾರೂ ಉತ್ತರ ಕೇಳುವುದಿಲ್ಲ ಎಂಬ ನಂಬಿಕೆ ಅವನದು.

ಡೋವಿ: ಬಿಸಿಬಿಸಿನಾ?

ಓರ್ಲೀನಾ: ಹೂಂ.

ಡೋವಿ: ಕೌದಿ ಹೊದ್ಕೊಂಡ್ಯಾ?

ಓರ್ಲೀನಾ: ಎರಡು.

ಇಬ್ಬರೂ ನೇರವಾಗಿ ಮಾತಾಡಿಬಿಟ್ಟಿದ್ದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ಆದರೆ ಅದನ್ನು ಗಮನಿಸಲು ಯಾರಿಗೂ ಪುರುಸೊತ್ತಿರಲಿಲ್ಲ.

ಡೋವಿ: ಅಯ್ಯೋ ಹುಚ್ಚಿ, ಅದು ಜ್ವರ ಬಂದ ಮಕ್ಕಳಿಗೆ ಕೊಡೋದು. ಬೆವರು ಬರಲಿ ಅಂತ. ಬಿಸಿ ಕುಡಿದರೆ ಬೆವರು ಕಿತ್ಕೊಂಡು ಬರುತ್ತೆ, ತಣ್ಣಗೆ ಕುಡಿದರೆ ನಿಲ್ಲುತ್ತೆ. ಈ ಕಣಿವೇಲಿ ಹುಟ್ಟಿದವಳು ತಾನೇ ನೀನು?

ಓರ್ಲೀನಾ: ನನಗೂ ಅನುಮಾನ ಬಂತು. ಆದರೆ ಹೇಳಿದವರು ನೀವು ಅಂತ ಸುಮ್ಮನಾದೆ. ಒಳಗಿರೋದನ್ನೆಲ್ಲ ಒಂದೇ ಸಲ ಹೊರಗೆ ಹಾಕಿಸೋ ಉಪಾಯ ಏನೋ ಇರಬೇಕು ಅಂದ್ಕೊಂಡೆ. ದಿನಾ ರಾತ್ರಿ ಇನ್ನೂ ಎಷ್ಟು ಉಳಿದಿದೆ ಅಂತ ಕಾದೆ.

ಡೋವಿ: ನಾನು ಹಾಗೆ ಹೇಳೇ ಇಲ್ಲ.

ಓರ್ಲೀನಾ: ಹಾಗಾದ್ರೆ ಏನು ಹೇಳಿದಿರಿ?

ಡೋವಿ: ನೆಟ್ಟಗೆ ಹೇಳಿದೆ. "ಹೋಗಿ ಆ ಮೊಂಡು ಹೆಂಗಸಿಗೆ ಹೇಳು, ಕಷಾಯದ ಜಾಡಿ ಇಡೀ ದಿನ ಒರತೆ ನೀರಲ್ಲಿ ಇಟ್ಟು ತಣ್ಣಗೆ ಮಾಡಿ ಕುಡೀಲಿ, ಬಿಸಿ ಅವಳ ನಾಲಿಗೇಲೇ ಬೇಕಾದಷ್ಟಿದೆ" ಅಂದೆ. ಇದರಲ್ಲಿ ಅರ್ಥ ಆಗದೇ ಇರೋದು ಏನಿದೆ?

ಇಬ್ಬರು ಹೆಂಗಸರೂ ಒಟ್ಟಿಗೆ ವರ್ಲನ್‌ನ ಕಡೆ ತಿರುಗಿದರು. ಅವನು ಮಂಚದ ಕಾಲೊಂದನ್ನು ಎತ್ತಿಕೊಂಡು ಹಿತ್ತಿಲ ಬಾಗಿಲಿನ ಕಡೆ ಅಡ್ಡಡ್ಡ ಸರಿಯುತ್ತಿದ್ದ.

ಓರ್ಲೀನಾ: ಮೊಳೆ ಉಗಿ.

ಅವನು ಉಗಿದ. ಎರಡೂ ನೆಲದ ಮೇಲೆ ಟಣ್ ಎಂದವು.

ವರ್ಲನ್: ಬೈಗುಳ ಅಂತ ಬಿಟ್ಟುಬಿಟ್ಟೆ.

ಡೋವಿ: ಪೂರ್ತೀನಾ?

ವರ್ಲನ್: ಶುರುವಲ್ಲಿ ಬೈಗುಳ, ಕೊನೇಲೂ ಬೈಗುಳ. ನಡುವೆ ಔಷಧಿ ಕೂತಿದೆ ಅಂತ ನನಗೇನು ಗೊತ್ತು ಅತ್ತೆ?

ಓರ್ಲೀನಾ: ಮತ್ತೆ ಆ ಎರಡು ಕೌದಿ? ಪಾಕ?

ವರ್ಲನ್: ಬರಿಗೈಲಿ ಮನೆಗೆ ಹೇಗೆ ಬರೋದು? ನನಗೆ ಚಿಕ್ಕಂದಿನಲ್ಲಿ ಅಜ್ಜಿ ಕೊಡ್ತಿದ್ದದ್ದು ನೆನಪಾಯ್ತು. ಅದನ್ನೇ ಹೇಳಿದೆ. ಪಾಕ ನಾನೇ ಸೇರಿಸಿದ್ದು. ಅತ್ತೆ ಪ್ರೀತಿಯಿಂದ ಹೇಳಿದ ಹಾಗಿರಲಿ ಅಂತ.

ಓರ್ಲೀನಾ ಸೌಟನ್ನು ಕೆಳಗಿಟ್ಟಳು. ಕೈಯಲ್ಲಿ ಸೌಟಿದ್ದಾಗ ಯೋಚಿಸುವುದು ಕ್ಷೇಮವಲ್ಲ ಎನಿಸಿತು. ಹತ್ತೊಂಬತ್ತು ರಾತ್ರಿ. ಅಷ್ಟೂ ರಾತ್ರಿ ಈ ಮನುಷ್ಯ ತಾನೇ ಎದ್ದು ಬಟ್ಟಲನ್ನು ಮತ್ತೆ ಬಿಸಿ ಮಾಡಿ ತಂದುಕೊಟ್ಟು, ತಾನೇ ಎರಡನೆಯ ಕೌದಿಯ ಅಂಚನ್ನು ಅವಳ ಹೆಗಲಿಗೆ ಸಿಕ್ಕಿಸಿದ್ದ. ಸಿಟ್ಟು ಮಾಡಿಕೊಳ್ಳಲೂ ಪೂರ್ತಿ ಆಗದಂಥ ತಪ್ಪು. ಆಮೇಲೆ ಅವಳಿಗೆ ಬೇರೊಂದು ಯೋಚನೆ ಬಂತು. ಅದು ಇನ್ನೂ ಕೆಟ್ಟದಾಗಿತ್ತು.

ಓರ್ಲೀನಾ: ವರ್ಲನ್, ಇದೊಂದೇನಾ ನೀನು ಸೋಸಿದ್ದು?

ವರ್ಲನ್: ಸೋಸೋದು ಅಂದ್ರೆ?

ಡೋವಿ: ನಾಟಕ ಬೇಡ. ಅವಳ ಜೋಳದ ರೊಟ್ಟಿ ಬಗ್ಗೆ ನಾನಂದದ್ದು ಹೇಳಿದ್ಯೋ ಇಲ್ವೋ?

ಓರ್ಲೀನಾ: ಹೇಳಿದ. ನಿಮಗೆ ತುಂಬಾ ಇಷ್ಟ ಆಯ್ತಂತೆ. ಅದಕ್ಕೇ ತಾನೇ ಆರು ವರ್ಷದಿಂದ ಪ್ರತಿ ತಿಂಗಳೂ ಬೇಯಿಸಿ ಕಳಿಸ್ತಿರೋದು. ಮಾತಿಲ್ಲದಿದ್ರೂ ವಯಸ್ಸಾದವರು ತಿನ್ನಲಿ ಅಂತ.

ಡೋವಿ: ನಾನಂದದ್ದು, ಈ ರೊಟ್ಟೀನ ಹೇಸರಗತ್ತೆ ಕಾಲಿಗೆ ಲಾಳ ಹೊಡೀಬಹುದು ಅಂತ.

ಓರ್ಲೀನಾ: ಏನಂದಿರಿ?

ಡೋವಿ: ಅಂದಮೇಲೂ ಪ್ರತಿ ತಿಂಗಳೂ ಬರ್ತಾನೇ ಇತ್ತು. ನೀನು ಸೇಡು ತೀರಿಸ್ಕೋತಿದೀಯ ಅಂದ್ಕೊಂಡೆ. ನಾನೇನು ಸೋಲ್ತೀನಾ? "ಇನ್ನೂ ಕಳಿಸ್ತಾಳಾ, ಕಳಿಸಲಿ" ಅಂದೆ.

ಓರ್ಲೀನಾ: ಅವನು ಬಂದು "ಇನ್ನೂ ಕಳಿಸು ಅಂದ್ರು" ಅಂದ.

ಡೋವಿ: ನನ್ನ ಕೋಳಿಗಳೂ ನೆನೆಸಿಟ್ಟರೆ ಮಾತ್ರ ಮುಟ್ತಿದ್ವು.

ವರ್ಲನ್: ನೋಡಿ, ಆರು ವರ್ಷ ಕೊಡೋದು ತಗೊಳ್ಳೋದು ನಿಲ್ಲಲಿಲ್ಲ. ಅದಕ್ಕಾದ್ರೂ ಯಾರಾದ್ರೂ...

ಓರ್ಲೀನಾ, ಡೋವಿ: ನೀನು ಸುಮ್ಮನಿರು.

ಒಟ್ಟಿಗೇ ಅಂದರು. ಅಂದ ಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಡೋವಿ ಅತ್ತೆಯ ಮುಖದಲ್ಲಿ ಜಗಳ ಸ್ವಲ್ಪ ಕೆಳಗಿಳಿದಿತ್ತು. ಕೈ ತಲೆಯ ಬಟ್ಟೆಯ ಗಂಟಿಗೆ ಹೋಯಿತು. ಆ ಬಟ್ಟೆಯಿಲ್ಲದೆ ಆಕೆಯನ್ನು ಕಣಿವೆಯಲ್ಲಿ ಯಾರೂ ನೋಡಿದ್ದಿಲ್ಲ.

ಡೋವಿ: ಹಾಗಾದ್ರೆ ನನ್ನ ಕೂದಲಿನ ವಿಷಯವೂ ನಿನಗೆ ಹೇಳಲಿಲ್ಲ ಇವನು.

ಓರ್ಲೀನಾ: ನಿಮ್ಮ ಕೂದಲಾ? ಊರೆಲ್ಲ ಆಡಿಕೊಂಡಿದ್ದು ನನ್ನ ಕೂದಲನ್ನಲ್ವಾ.

ಹನ್ನೊಂದು ವರ್ಷದ ಹಗೆಯ ಮೂಲ ಅದೇ. ಓರ್ಲೀನಾ ಒಂದು ಬೇಸಗೆಯಲ್ಲಿ ಸೊಂಟದುದ್ದದ ಕೂದಲನ್ನು ಕತ್ತಿನವರೆಗೆ ಕತ್ತರಿಸಿಕೊಂಡು, ಬರಿದಲೆಯಲ್ಲೇ ಚರ್ಚಿಗೆ ಹೋದಳು. ಹಿರಿಯ ಗಂಡಸರಿಗೆ ದೇವರ ಮನಸ್ಸು ನೊಂದದ್ದು ತಕ್ಷಣ ತಿಳಿಯಿತು. ಸಭೆ ಸೇರಿತು. ಡೋವಿ ಅತ್ತೆ ಎದ್ದು ನಿಂತು "ತುಪ್ಪಟ ಕತ್ತರಿಸಿದ ಕುರಿ" ಎಂದಳು. ಓರ್ಲೀನಾ ತಿರುಗಿ "ಕತ್ತರಿಸಬೇಕಾದ್ದು ಕೆಲವರ ನಾಲಿಗೆ" ಎಂದಳು. ಕೈ ಎತ್ತಿ ಮತ ಹಾಕಿ ಅವಳನ್ನು ಸಭೆಯಿಂದ ಹೊರಗಿಟ್ಟರು, ಒಪ್ಪದ ಕೆಲವರು ರಸ್ತೆಯ ಮೇಲುಗಡೆ ಬೇರೆ ಚರ್ಚು ಕಟ್ಟಿದರು. ನವೆಂಬರಿನಲ್ಲಿ ಹಂದಿ ಕಡಿಯಲು ಕೈ ಸಾಲದೆ ಎರಡೂ ಚರ್ಚಿನ ಗಂಡಸರು ಒಂದಾಗಿ, ಕುಲುಕಿದ ಕೈಯಲ್ಲೇ ಕತ್ತಿ ಹಿಡಿದರು. ಜಗಳ ಎಬ್ಬಿಸಿದವರು ಆರು ವಾರದಲ್ಲಿ ಮರೆತರು. ಅದನ್ನು ಹೊತ್ತುಕೊಂಡು ತಿರುಗುವ ಕೆಲಸ ಮಾತ್ರ, ಉಳಿದೆಲ್ಲ ಹೊರೆಗಳ ಹಾಗೆ, ಇಬ್ಬರು ಹೆಂಗಸರ ತಲೆಗೆ ಬಂತು.

ಡೋವಿ ಅತ್ತೆ ಗಂಟು ಬಿಚ್ಚಿದಳು. ಬಟ್ಟೆಯ ಕೆಳಗೆ ಬೆಳ್ಳಗಿನ ಕೂದಲು ಬೆರಳಿನ ಅಗಲ ಮಾತ್ರ ಇತ್ತು, ಆಗಷ್ಟೇ ಕತ್ತರಿ ಆಡಿಸಿದ ಹಾಗೆ.

ಡೋವಿ: ಐವತ್ತನೇ ವಯಸ್ಸಲ್ಲಿ ಕತ್ತರಿಸ್ಕೊಂಡೆ. ಕುರಿ ಕತ್ತರೀಲೇ. ಇದೇ ಬೆವರಿಗೆ. ರಾತ್ರಿ ಆ ಜಡೆ ಹಸಿ ಹಗ್ಗದ ಹಾಗೆ ಕತ್ತಿಗೆ ಸುತ್ತಿಕೊಳ್ತಿತ್ತು. ಆಗ ನನಗೆ ಇದೇನು ಅಂತ ಹೇಳೋರೇ ಇರಲಿಲ್ಲ. ನಮ್ಮಮ್ಮ ಬಾಯಿ ಬಿಡಲಿಲ್ಲ, ನಮ್ಮಕ್ಕ ಬಾಯಿ ಬಿಡಲಿಲ್ಲ. ಕ್ಷಯ ಬಂತು, ಸಾಯ್ತೀನಿ ಅಂದ್ಕೊಂಡೆ. ಹೂಳೋವಾಗ ತೊಡಿಸೋ ಉಡುಪನ್ನೂ ಇಸ್ತ್ರಿ ಮಾಡಿಟ್ಟಿದ್ದೆ. ಹಸೂನ ತಂಗಿಗೆ ಕೊಟ್ಟುಬಿಟ್ಟೆ. ಆಮೇಲೆ ವಾಪಸು ಕೇಳಿದರೆ ಕೊಡಲಿಲ್ಲ ಅವಳು.

ಓರ್ಲೀನಾ: ಇದನ್ನ ಇಟ್ಕೊಂಡು ನನ್ನ ವಿರುದ್ಧ ಕೈ ಎತ್ತಿದಿರಾ?

ಡೋವಿ: ಎತ್ತಿದೆ. ಎತ್ತದೆ ಕೂತಿದ್ರೆ ನಿನ್ನ ತಲೆ ಬಟ್ಟೇನೂ ಬಿಚ್ಚು ನೋಡೋಣ ಅಂತಿದ್ರು.

ಓರ್ಲೀನಾ ಒಲೆಯ ಮೇಲೆ ಕುದಿಯುತ್ತಿದ್ದ ಕಾಳಿನ ಉರಿ ತಗ್ಗಿಸಿದಳು.

ಡೋವಿ: ಮುಂದಿನ ವಸಂತಕ್ಕೇ ಹೇಳಿ ಕಳಿಸಿದೆ ನಿನಗೆ. "ಆ ಕತ್ತರಿಸಿದ ಕುರೀಗೆ ಹೋಗಿ ಹೇಳು, ನಂದೂ ಅದೇ ತುಪ್ಪಟ. ಆ ಗಂಡಸರ ಮುಂದೆ ನಾನು ಹಾಗನ್ನಬಾರದಿತ್ತು, ತಪ್ಪಾಯ್ತು ಅಂತ ಹೇಳು." ಇದೇ ಮಾತು.

ಓರ್ಲೀನಾ: ವರ್ಲನ್. ಆ ದಿನ ಬಂದು ನೀನು ನನಗೇನು ಹೇಳಿದೆ?

ವರ್ಲನ್: ಅತ್ತೆ ಹೊಲಕ್ಕೆ ಆಲೂಗಡ್ಡೆ ಹಾಕಿದರಂತೆ ಅಂದೆ.

ಓರ್ಲೀನಾ: ಆಲೂಗಡ್ಡೆ.

ವರ್ಲನ್: "ಕುರಿ" ಅಂದ ಕೂಡಲೇ ನಾನು ಮುಂದಿಂದು ಕೇಳಲಿಲ್ಲ ಓರ್ಲೀನಾ. ಮತ್ತೆ ಶುರುವಾಯ್ತು ಅಂದ್ಕೊಂಡೆ. ಆಲೂಗಡ್ಡೆ ಹಾಕಿದ್ದಂತೂ ನಿಜ.

ಓರ್ಲೀನಾ: ನಮ್ಮಮ್ಮ ತೀರಿಕೊಂಡಾಗ ಇವರು ಬರಲೇ ಇಲ್ಲ ಅಂತ ನಾನು ಎಷ್ಟು ಅತ್ತಿದ್ದೆ.

ಡೋವಿ: ಬಂದಿದ್ದೆ ಕಣೆ. ಗೇಟಿನ ಹತ್ತಿರ ನಿಂತಿದ್ದೆ, ಒಣಸೇಬಿನ ಕೇಕು ಹಿಡ್ಕೊಂಡು. ಒಳಗೆ ಬರಲಾ ಕೇಳು ಅಂತ ಇವನನ್ನ ಕಳಿಸಿದೆ. ನೀನು ಮಲಗಿದೀಯ, ತೊಂದರೆ ಬೇಡ ಅಂತ ಬಂದು ಹೇಳಿದ.

ಓರ್ಲೀನಾ: ನಾನಂದದ್ದು "ಬರೋದಾದ್ರೆ ಬರಲಿ, ಆ ಮುದುಕಿ ಬಂದು ನನ್ನ ಅಡುಗೆಮನೆಗೆ ಹೆಸರಿಡೋದು ಬೇಡ" ಅಂತ.

ಡೋವಿ: ಬರಲಿ ಅಂದಿದ್ಯಾ?

ಓರ್ಲೀನಾ: ಮೊದಲ ಮಾತೇ ಅದು.

ವರ್ಲನ್ ಕೆಳಗೆ ಕೂತು ಮೊಳೆ ಹೆಕ್ಕುತ್ತಿದ್ದ. ಎರಡೇ ಮೊಳೆ ಬಿದ್ದದ್ದು, ಆದರೂ ಹೆಕ್ಕಿ ಮುಗಿಯುತ್ತಿರಲಿಲ್ಲ.

ವರ್ಲನ್: ನಿಮ್ಮಿಬ್ಬರಲ್ಲಿ ಒಬ್ಬರಿಗಾದರೂ ಒಂದು ಒಳ್ಳೇ ಮಾತನ್ನ ಬೈಗುಳ ಸುತ್ತದೆ ಕಳಿಸೋಕೆ ಬರ್ತಿತ್ತಾ? ಗಣೀಲಿ ಕಲ್ಲು ಬೇರೆ, ಕಲ್ಲಿದ್ದಲು ಬೇರೆ ಅಂತ ದೀಪ ಇಟ್ಟು ನೋಡಬಹುದು. ನಿಮ್ಮದು ಎರಡೂ ಒಂದೇ ಕಪ್ಪು. ಜಗಳ ಬೇಡ ಅಂತ ಎಲ್ಲಾ ಬಿಸಾಕಿದೆ. ತಪ್ಪೇ ಆಯ್ತು. ಆದರೆ ಹನ್ನೊಂದು ವರ್ಷ ನಡೆದೂ ನಡೆದೂ ಬೂಟು ಸವೆದದ್ದು ನಂದು.

ಡೋವಿ ಅತ್ತೆ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಊರುಗೋಲೂರಿ ಎದ್ದು, ಮೊದಲು ಬಲಗಾಲನ್ನು, ಆಮೇಲೆ ಎಡಗಾಲನ್ನು ಹೊಸ್ತಿಲಿನ ಈಚೆ ತಂದಳು. ತಂದು, ನೆಲ ನೋಡಿದಳು.

ಡೋವಿ: ಗುಡಿಸಿ ಎಷ್ಟು ದಿನ ಆಯ್ತು?

ಓರ್ಲೀನಾ: ನಿಮ್ಮ ಸೋದರಳಿಯ ಮರ ಕೊಯ್ದ ಪುಡಿ ಅದು. ಬನ್ನಿ, ಕೂತ್ಕೊಳ್ಳಿ. ಮೆಟ್ಟಿಗೆ ಹತ್ತೀತು, ಜೋಪಾನ.

ಡೋವಿ ಅತ್ತೆ ಕೂರಲು ಸ್ಥಳ ಹುಡುಕುವಾಗ ಆ ಮಂಚ ಕಣ್ಣಿಗೆ ಬಿತ್ತು.

ಡೋವಿ: ಇದ್ಯಾವ ಹೆಣದ ಪೆಟ್ಟಿಗೆ?

ಓರ್ಲೀನಾ ಕಾಳಿನ ಪಾತ್ರೆಯನ್ನು ಬೇಕಿಲ್ಲದಿದ್ದರೂ ತಿರುವಿದಳು. ಇಷ್ಟು ಹೊತ್ತು ಸಿಟ್ಟು ಅವಳನ್ನು ಎತ್ತಿ ಹಿಡಿದಿತ್ತು. ಈಗ ಅದು ಇಳಿದ ಮೇಲೆ ಕೆಳಗಿದ್ದದ್ದು ಕಾಣಿಸಿತು.

ಓರ್ಲೀನಾ: ಅವನಿಗೆ ಅತ್ತೆ. ಹಿಂದಿನ ಕೋಣೆಗೆ. ಒದ್ದೆ ಹೆಂಗಸಿನ ಪಕ್ಕ ಎಷ್ಟು ದಿನ ಅಂತ ಮಲಗ್ತಾನೆ ಪಾಪ.

ವರ್ಲನ್: ನಾನೆಲ್ಲಿ ಹಾಗಂದೆ?

ಓರ್ಲೀನಾ: ಅನ್ನೋದೇನು, ಮಾಡ್ತಿದೀಯಲ್ಲ.

ವರ್ಲನ್: ನೀನೇ ಹೇಳಿದ್ದು. ಹೋದ ಶನಿವಾರ ರಾತ್ರಿ ಕೌದಿ ಎರಡನ್ನೂ ಕಿತ್ತೆಸೆದು, "ನಿನ್ನ ಮೈಯೋ ಒಲೆಯೋ, ದೂರ ಹೋಗಿ ಮಲಗು" ಅಂದೆ. ಕಣ್ಣು ಕೂಡ ಬಿಡಲಿಲ್ಲ. ನನ್ನ ಬಿಸಿಯಿಂದಲೇ ನಿನಗೆ ಹೀಗಾಗ್ತಿದೆ ಅಂದ್ಕೊಂಡೆ. ಸೋಮವಾರ ಹೋಗಿ ಹಲಗೆ ತಂದೆ. ನನಗೇನು ಆ ಕೋಣೇಲಿ ಮಲಗೋ ಆಸೆನಾ? ಅಲ್ಲಿ ಇಲಿ ಇದೆ.

ಓರ್ಲೀನಾ ತಿರುಗಿ ನಿಂತು ಅವನನ್ನೇ ನೋಡಿದಳು. ಆ ರಾತ್ರಿ ತಾನು ಏನಂದೆನೋ ಅವಳಿಗೆ ನೆನಪೇ ಇರಲಿಲ್ಲ.

ಓರ್ಲೀನಾ: ಹನ್ನೊಂದು ವರ್ಷ ನಮ್ಮಿಬ್ಬರ ಮಾತನ್ನೆಲ್ಲ ಸೋಸಿದೆ. ಸೋಸಬೇಕಾದ್ದು ಒಂದೇ ಒಂದು ಮಾತು ಬಂದಾಗ ಹಾಗೇ ನುಂಗಿದೆಯಾ?

ವರ್ಲನ್: ನೀನು ನೇರ ನನಗೇ ಹೇಳಿದ್ದು. ಅದನ್ನೂ ತಿದ್ದಬಹುದು ಅಂತ ನನಗೆ ಹೊಳೀಲೇ ಇಲ್ಲ.

ಡೋವಿ ಅತ್ತೆ ಬೆನ್ನು ತಿರುಗಿಸಿ ಕಾಳಿನ ಪಾತ್ರೆಯ ಮುಚ್ಚಳ ತೆಗೆದು ಮೂಸಿದಳು. ಗಂಡಹೆಂಡಿರ ಮುಖ ನೋಡದಿರುವಷ್ಟು ಮರ್ಯಾದೆ ಆಕೆಗಿತ್ತು. ಕೇಳಿಸಿಕೊಳ್ಳದಿರುವಷ್ಟು ಇರಲಿಲ್ಲ.

ಡೋವಿ: ಮೊದಲೇ ಹೇಳಿಬಿಡ್ತೀನಿ ಕಣೆ. ತಣ್ಣಗೆ ಕುಡಿದರೂ ಪೂರ್ತಿ ನಿಲ್ಲಲ್ಲ. ಅರ್ಧ ಕಡಿಮೆ ಆದರೆ ಪುಣ್ಯ. ಉಳಿದರ್ಧ ಇನ್ನೂ ಎರಡು ಮೂರು ವರ್ಷ ಇದ್ದೀತು, ಆಮೇಲೆ ಹೇಳದೆ ಕೇಳದೆ ಹೋಗುತ್ತೆ. ನಡುವೆ ತೂಕಗೀಕ ಇಳಿದರೆ ಆ ನಾಲ್ಕು ನಿಮಿಷದವನ ಹತ್ತಿರ ನಾನೇ ಕರ್ಕೊಂಡು ಹೋಗ್ತೀನಿ. ಐದನೇ ನಿಮಿಷ ಹೇಗೆ ಬರಲ್ಲ ನೋಡೋಣ. ಊರುಗೋಲು ಇದೆ.

ಓರ್ಲೀನಾ ನಕ್ಕಳು. ನಕ್ಕು, ಗಂಡನ ಕಡೆ ನೋಡಿದಳು. ನೋಡಿ, ಮುಖ ಗಂಟು ಹಾಕಿಕೊಂಡಳು.

ಓರ್ಲೀನಾ: ಅತ್ತೆ, ಇವನ ಜೊತೆ ಇವತ್ತಿಂದ ನನಗೆ ಮಾತಿಲ್ಲ. ನೀವೇ ಹೇಳಿಬಿಡಿ. ಆ ಹಲಗೆ ಬಿಚ್ಚಿ ನಿಮ್ಮನೆ ಅಟ್ಟಕ್ಕೆ ಬಡಿದು ಕೊಡಲಿ, ಬೇರು ಒಣಗಿಸೋಕಾಗುತ್ತೆ. ಕತ್ತಲಾಗೋದರೊಳಗೆ ಕಷಾಯದ ಜಾಡೀನ ಒರತೇಲಿ ಇಟ್ಟು ಬರಲಿ. ಆಮೇಲೆ ತನ್ನ ದಿಂಬನ್ನ ನನ್ನ ದಿಂಬಿನ ಪಕ್ಕದಲ್ಲೇ ಇಟ್ಕೊಳ್ಳಲಿ. ಒಂದು ಕೌದಿ ಸಾಕು.

ಡೋವಿ ಅತ್ತೆ ಊರುಗೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿ, ವರ್ಲನ್‌ನ ಕಡೆ ತಿರುಗಿದಳು.

ಡೋವಿ: ಲೋ ಆಲೂಗಡ್ಡೆ. ನಿನ್ನ ಹೆಂಡ್ತಿ ಅಂತಾಳೆ, ನಿನ್ನಂಥ ಕತ್ತೇನ ಕಟ್ಟಿಕೊಂಡು ಇಪ್ಪತ್ತೊಂಬತ್ತು ವರ್ಷ ದಂಡವಾಯ್ತಂತೆ. ಹಲಗೆ, ಜಾಡಿ, ದಿಂಬು ಅಂತ ಇನ್ನೂ ಏನೇನೋ ಅಂದಳು. ಕೊನೇಲಿ ಕೋಳಿಗೂಡಲ್ಲಿ ಬಿದ್ದಿರು ಅಂದಳು.

ವರ್ಲನ್: ಅತ್ತೆ, ಇದರಲ್ಲಿ ಅವಳದೆಷ್ಟು, ನಿಮ್ಮದೆಷ್ಟು?

ಡೋವಿ: ಸೋಸಿಕೋ ಮಗಾ. ಹನ್ನೊಂದು ವರ್ಷ ಅದನ್ನೇ ತಾನೇ ಮಾಡಿದ್ದು.